ಹೊತ್ತು ಮುಳುಗುವ ಮೊದಲು

ಅಕ್ಕೋಳ ದಾಟಿ ನಿಪ್ಪಾಣಿ ರಸ್ತೆಗೆ ಬರುತ್ತಿದ್ದಂತೆ ಬ್ರಾಹ್ಮಿಯ ಸ್ಕೂಟಿಯ ಗಾಲಿ ಪಂಕ್ಚರ್ ಆಯಿತು. ತಳ್ಳಿಕೊಂಡು ಪಂಕ್ಚರ್ ಅಂಗಡಿ ಮುಟ್ಟುವಷ್ಟರಲ್ಲಿ ಸೂರ್ಯ ಕಬ್ಬಿನ ಹೊಲದತ್ತ ಇಳಿದಿದ್ದ. ನಿಪ್ಪಾಣಿ ಪೇಟೆಯಲ್ಲಿ ಅವಳ ಊಟದ ಡಬ್ಬಿಗಳ ದಾರಿ ಕಾಯುತ್ತಿದ್ದ ಜೈನ ವ್ಯಾಪಾರಿಗಳು ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಅಂಗಡಿ ಬಿಟ್ಟು ಮನೆಗೆ ಹೋಗಲಾಗದ ಅಂಥವರಿಗೆ ಬೆಳಕಿರುವಾಗಲೇ ಊಟ ಮುಟ್ಟಿಸುವುದೇ ಅವಳ ಧಂದೆ.

ಹಿಂದಿನಿಂದ ಸುಜಾತಾಳ ಸ್ಕೂಟಿ ಬಂತು. ಬ್ರಾಹ್ಮಿಗೆ ಮೈಯುರಿಯಿತು. ಪಕ್ಕದ ಓಣಿಯ ಈ ಹೆಂಗಸು ಬೇಸಿಗೆಯಲ್ಲಿ ಅವಳ ವಿಚಾರವನ್ನೇ ಕದ್ದು, ಉಳ್ಳಾಗಡ್ಡಿ, ಬಟಾಟೆ ಇಲ್ಲದ ಅದೇ ಡಬ್ಬಿ ಶುರುಮಾಡಿದ್ದಳು. ಜೈನರು ಲಗೂನೆ ಉಣ್ಣುತ್ತಾರೆಂಬುದಷ್ಟೇ ಗೊತ್ತಿದ್ದ ಅವಳು ಗಡಿಯಾರ ನಂಬಿ, ಬೇಸಿಗೆಯ ವೇಳೆಗೇ ಈಗ ಚಳಿಗಾಲದಲ್ಲೂ ಹೊರಡುತ್ತಿದ್ದಳು; ಪೇಟೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಡಬ್ಬಿಗಳು ತೆರೆಯದೆ ವಾಪಸಾಗುತ್ತಿದ್ದವು. ವ್ಯಾಪಾರಿಗಳು ಮರ್ಯಾದಸ್ಥರು, ಹಸಿವಿಲ್ಲ ಅನ್ನುತ್ತಿದ್ದರು. ಸುಜಾತಾ ಪಾಪ, ಪಲ್ಯ ಸೇರುತ್ತಿಲ್ಲವೆಂದು ದಿನಕ್ಕೊಂದು ಮಸಾಲೆ ಬದಲಿಸುತ್ತಿದ್ದಳು. ಕಾರಣ ಗೊತ್ತಿದ್ದೂ ಬ್ರಾಹ್ಮಿ ತುಟಿಪಿಟಕ್ಕೆನ್ನದೆ ಒಳಗೊಳಗೇ ಹಿಗ್ಗಿದ್ದಳು.

"ವೈನಿ, ಡಬ್ಬಿ ಇತ್ಲಾಗ ಕೊಡ್ರಿ. ಯಾರಿಗೆ ಮುಟ್ಟಿಸ್ಬೇಕ ಹೇಳ್ರಿ," ಎಂದಳು ಸುಜಾತಾ.

ಗಿರಾಕಿಗಳ ಹೆಸರು ಹೇಳುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ. ಆದರೆ ತಂಬಾಕಿನ ಅಂಗಡಿಯ ನೇಮಿನಾಥ ಕಾಕಾ ನೆನಪಾದರು. ಡಬ್ಬಿ ಮುಟ್ಟದಿದ್ದರೆ ಆ ಮುದಿಜೀವ ರಾತ್ರಿಯಿಡೀ ಉಪವಾಸ ಬೀಳಬೇಕು. ಬ್ರಾಹ್ಮಿ ಒಬ್ಬೊಬ್ಬರ ಹೆಸರನ್ನೂ ಹೇಳಿದಳು.

ಗಾಲಿ ರಿಪೇರಿಯಾಗುವಷ್ಟರಲ್ಲಿ ಕತ್ತಲಾಯಿತು, ಸುಜಾತಾ ಮರಳಿ ಬಂದಳು. ಅವಳ ಸ್ವಂತದ ಡಬ್ಬಿಗಳು ಹಾಗೇ ಇದ್ದವು.

"ನಿಮ್ಮವು ಮೊದಲ ಮುಟ್ಟಿಸೀನ್ರಿ. ಕಾಕಾ ನನ್ನ ಮುಂದನ ಉಂಡ್ರು. ನನ್ನವು ಇವತ್ತೂ ಯಾರಿಗೂ ಬ್ಯಾಡಾಗ್ಯಾವ." ಅವಳು ಒಂದು ಡಬ್ಬಿ ಬಿಚ್ಚಿ ಮುಂದೆ ಹಿಡಿದಳು. "ನೀವರ ಉಣ್ರಿ."

ಬ್ರಾಹ್ಮಿಗೆ ನಗುವೂ ಬಂತು, ತನ್ನ ಬಗ್ಗೆ ನಾಚಿಕೆಯೂ ಆಯಿತು.

"ಹೊತ್ತ ಮುಣಗೇತ್ರಿ ಅಕ್ಕಾರ. ಇನ್ನ ನಾ ಉಣ್ಣಂಗಿಲ್ಲ. ನಿಮ್ಮ ಗಿರಾಕಿಗಳೂ ಅಷ್ಟ."

ಸುಜಾತಾ ಆಕಾಶ ನೋಡಿದಳು, ಆಮೇಲೆ ಡಬ್ಬಿ ನೋಡಿದಳು. "ಹಂಗಾರ ಪಲ್ಯಾ ಕೆಟ್ಟಿದ್ದಿಲ್ಲ?"

"ವಾಸನಿ ಅಂತೂ ಛಲೋ ಐತಿ."

ಸುಜಾತಾ ಅಲ್ಲೇ ಕಟ್ಟೆಯ ಮೇಲೆ ಕೂತು ಉಂಡಳು. ಬ್ರಾಹ್ಮಿ ಅವಳು ಉಂಡು ಮುಗಿಸುವವರೆಗೂ ಜೊತೆಗೆ ಕೂತಳು.

ಮರುದಿನ ಸಂಜೆ ಬ್ರಾಹ್ಮಿ ತನ್ನ ಡಬ್ಬಿಗಳನ್ನು ಕಟ್ಟಿಕೊಂಡು ಪಕ್ಕದ ಓಣಿಗೆ ತಿರುಗಿದಳು. ಸುಜಾತಾಳ ಬಾಗಿಲ ಮುಂದೆ ಸ್ಕೂಟಿ ನಿಲ್ಲಿಸಿ ಹಾರ್ನ್ ಹೊಡೆದಳು. ಒಳಗಿನಿಂದ ಅವಸರವಸರವಾಗಿ ಡಬ್ಬಿಗಳ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಬಿಸಿಲು ಇನ್ನೂ ಅಂಗಳದಲ್ಲಿತ್ತು.