ನೀಲವ್ವನ ಮನೆಯ ಕೆಂಪು ಫೋನು

ನಾನು ಒಂದು ಕೆಂಪು ಟೆಲಿಫೋನು. ಕಾರ್ಖಾನೆಯಲ್ಲಿ ನನ್ನ ಎದೆಯೊಳಗೆ ಗಂಟೆ ಕೂರಿಸಿ, ಒಮ್ಮೆ ಬಾರಿಸಿ ನೋಡಿದರಲ್ಲ, ಆ ಗಳಿಗೆಯೇ ನನ್ನ ಹುಟ್ಟು. ಮೊದಲು ಗದಗಿನ ವಕೀಲರೊಬ್ಬರ ಕಚೇರಿಯಲ್ಲಿದ್ದೆ. ಅಲ್ಲಿ ನನ್ನನ್ನು ಎತ್ತಿದವರೆಲ್ಲ ಜಗಳಾಡುವವರೇ. ವಕೀಲರು ಹೊಸ ಫೋನು ತಂದಾಗ, ತಮ್ಮ ಮನೆಯವರ ಬಟ್ಟೆ ಹೊಲಿಯುತ್ತಿದ್ದ ನೀಲವ್ವನಿಗೆ ನನ್ನನ್ನು ಕೊಟ್ಟುಬಿಟ್ಟರು.

ನೀಲವ್ವನಿಗೆ ಒಬ್ಬಳೇ ಮಗಳು, ಕಸ್ತೂರಿ. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಏಳು ವರ್ಷದ ಮಗಳನ್ನು ಧಾರವಾಡದ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿಗೆ ಬಿಟ್ಟುಬಂದ ತಿಂಗಳಲ್ಲೇ ಲೈನು ಹಾಕಿಸಿ, ನನ್ನನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಭಾನುವಾರ ಬಂತೆಂದರೆ ವಾರ್ಡನ್ನಿಗೆ ಫೋನು.

“ಆಕಿ ಕೈಯಾಗ ಒಂದೀಟು ಕೊಡ್ರಿ ಅಕ್ಕಾರ.”

“ಆಕಿಗೆ ಕೇಳಂಗಿಲ್ಲಲ್ಲರೀ!”

“ಗೊತ್ತೈತ್ರಿ. ಆದ್ರೂ ಕೊಡ್ರಿ.”

ಆ ಕಡೆಯಿಂದ ಬರುತ್ತಿದ್ದುದು ಮಗುವಿನ ಉಸಿರು ಮಾತ್ರ. ನೀಲವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಆಮೇಲೆ ಸೆರಗಿನಿಂದ ನನ್ನನ್ನು ಒರೆಸುತ್ತಿದ್ದಳು. ತಾಯಿಗೆ ಮಗಳನ್ನು ಮುಟ್ಟಿಸುವವನು ನಾನೊಬ್ಬನೇ ಎಂಬ ಜಂಬ ನನಗೆ ನೆತ್ತಿಗೇರಿತ್ತು.

ಕಸ್ತೂರಿ ಬೆಳೆದಳು. ಮೈಸೂರಿನ ಬೇಕರಿಯೊಂದರಲ್ಲಿ ಕೇಕಿನ ಮೇಲೆ ಹೂ ಬಿಡಿಸುವ ಕೆಲಸ ಹಿಡಿದಳು. ರಜೆಗೆ ಬಂದವಳು ಅವ್ವನ ಕೈಗೆ ಒಂದು ಮೊಬೈಲು ಇಟ್ಟಳು. ಅಂದಿನಿಂದ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅಂಗೈಯಗಲದ ಆ ತೆಳ್ಳನೆಯ ಜೀವಿಯನ್ನು ನೀಲವ್ವ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದಳು. ಅದರೊಳಗೆ ಕಸ್ತೂರಿ! ಇಬ್ಬರ ಕೈಗಳೂ ಬಡಬಡ ಮಾತಾಡುತ್ತಿದ್ದವು. ಬೆರಳುಗಳು ಜಗಳ ತೆಗೆಯುತ್ತಿದ್ದವು, ಚಾಡಿ ಹೇಳುತ್ತಿದ್ದವು. ನೀಲವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಮುಂದೆ ಆಕೆ ಹಾಗೆ ನಕ್ಕದ್ದೇ ಇಲ್ಲ. ಸೆರಗೂ ಈಗ ಅದನ್ನೇ ಒರೆಸುತ್ತಿತ್ತು. ನನ್ನ ಮೇಲೆ ಅರಿವೆಯ ಚೂರುಗಳು ಬಿದ್ದಿರುತ್ತಿದ್ದವು.

ಒಂದು ಬೆಳಿಗ್ಗೆ ಅದು ನೀಲವ್ವನ ಕೈ ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಗಾಜು ಒಡೆದು ಕಪ್ಪಾಯಿತು. ‘ಹಾಗೇ ಆಗಬೇಕು!’ ಎಂದು ಒಳಗೊಳಗೇ ಕುಣಿದೆ. ಅಂದುಕೊಂಡಂತೆಯೇ ಸಂಜೆ ನೀಲವ್ವ ನನ್ನ ರಿಸೀವರ್ ಎತ್ತಿದಳು. ನಾನು ಕಾದೆ. ಆಕೆ ನಂಬರು ಒತ್ತಲಿಲ್ಲ. ಇನ್ನೊಂದು ಕೈಯನ್ನು ಮೇಲೆತ್ತಿ, ಗಾಳಿಯಲ್ಲಿ ಬೆರಳು ಎರಡು ಸಲ ಆಡಿಸಿದಳು. ತನ್ನ ಕೈಯನ್ನೇ ನೋಡಿದಳು. ರಿಸೀವರ್ ಇಟ್ಟುಬಿಟ್ಟಳು.

ಆ ಬೆರಳುಗಳನ್ನು ಮೈಸೂರಿಗೆ ದಾಟಿಸುವುದು ನನ್ನ ತಂತಿಯಿಂದ ಆಗದ ಮಾತು. ಇಷ್ಟು ವರ್ಷ ಮೆರೆದೆನಲ್ಲ, ಕಸ್ತೂರಿಗೆ ಅವ್ವನ ಒಂದು ಮಾತನ್ನಾದರೂ ಮುಟ್ಟಿಸಿದ್ದೆನೆ?

ನೀಲವ್ವ ಅಂದು ಉಣ್ಣಲಿಲ್ಲ. ಮರುದಿನ ಬೆಳಗಾದೊಡನೆ ಪಕ್ಕದ ಮನೆಯ ಬಾಗಿಲು ಬಡಿದಳು. “ಮುನೀರಾ, ನಿನ್ನ ಮೊಬೈಲ ಒಂಚೂರು ಕೊಡವಾ. ಕೂಸು ಗಾಬರಿ ಆಗಿರ್ತೈತಿ!”

ಹತ್ತು ನಿಮಿಷದಲ್ಲಿ ಗೋಡೆಯಾಚೆಯಿಂದ ನೀಲವ್ವನ ನಗು ಕೇಳಿತು.

ಮುಂದಿನ ತಿಂಗಳು ನೀಲವ್ವ ಲೈನು ತೆಗೆಸಿದಳು. ಈಗ ನಾನು ಗೋಡೆಯ ಹಲಗೆಯ ಮೇಲೆ, ಗುಂಡಿ ಡಬ್ಬಿಗಳ ನಡುವೆ ಇದ್ದೇನೆ. ಮೊಬೈಲು ರಿಪೇರಿಯಾಗಿ ಬಂದಿದೆ. ನೀಲವ್ವನ ಹೆಗಲ ಮೇಲಿಂದ ನನಗೂ ಕಸ್ತೂರಿ ಕಾಣುತ್ತಾಳೆ. ನೋಡಿ ನೋಡಿ ಒಂದು ಮಾತು ಕಲಿತಿದ್ದೇನೆ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬು ಹಾರಿಸಿದರೆ ‘ಉಂಡೆಯಾ?’ ಎಂದರ್ಥ.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಕಸ್ತೂರಿಯನ್ನು ನಾನೂ ಹಾಗೆ ಕೇಳೋಣವೆಂದರೆ ನನಗೆ ಕೈಗಳಿಲ್ಲ.