ಖಾಲಿ ಬಿಟ್ಟ ಇಸವಿ

ಶವಪೆಟ್ಟಿಗೆಯನ್ನು ಹೆಗಲಿಗೇರಿಸುವಷ್ಟರಲ್ಲಿ ಪಕ್ಕದ ಮನೆಯ ಜೋನ್ ಅಡ್ಡ ಬಂದು ನಿಂತಳು.

"ಕ್ಲಿಫರ್ಡ್, ಇನ್ನೊಂದು ಸಲ ಕೇಳ್ತೀನಿ. ಮಾರ್ಜರೀನ ಅವಳ ಅಮ್ಮನ ಗುಂಡಿಗೆ ಇಳಿಸಬೇಡಿ."

ಸತ್ತವಳಿಗೆ ಉಳಿದಿದ್ದ ಬಂಧು ಈ ಸೋದರಮಾವನ ಮಗನೊಬ್ಬನೇ. "ಕಲ್ಲಿನ ಮೇಲೆ ಹೆಸರು ಕೆತ್ತಿ ನಲವತ್ತು ವರ್ಷ ಆಯ್ತು. ಇನ್ನೆಲ್ಲಿಗೆ ಹೋಗ್ತಾಳೆ, ನೀವೇ ಹೇಳಿ?" ಎಂದ.

ತಾಯಿ ಬದುಕಿದ್ದಾಗಲೇ ತನ್ನ ಹೆಸರಿನ ಕೆಳಗೆ ಮಗಳದನ್ನೂ ಕೆತ್ತಿಸಿ, ಸಾಯುವ ಇಸವಿಗೆ ಜಾಗ ಬಿಡಿಸಿದ್ದಳು. ಮಾರ್ಜರಿ ಭಾನುವಾರಗಳಲ್ಲಿ ಪಾಚಿ ಉಜ್ಜುತ್ತ ತನ್ನ ಹೆಸರನ್ನೂ ತಾನೇ ತೊಳೆದು ಬರುತ್ತಿದ್ದಳು.

ಯಾಕೆ ಬೇಡವೆಂದು ಪಾದ್ರಿ ಮೆಲ್ಲಗೆ ಕೇಳಿದರು. ಜೋನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

*

ಅಪ್ಪ ಯುದ್ಧಕ್ಕೆ ಹೋದಾಗ ಮಾರ್ಜರಿ ಎರಡು ವರ್ಷದ ಕೂಸು. ಇವತ್ತಲ್ಲ ನಾಳೆ ಬಂದೇ ಬರುತ್ತಾರೆ, ಮನೆಯಲ್ಲಿ ಯಾರಾದರೂ ಇರಬೇಕು ಎನ್ನುತ್ತಿದ್ದಳು ತಾಯಿ. ಉಣ್ಣೆ ಗಿರಣಿಯ ವಿಲ್ಫ್ರೆಡ್ ಮದುವೆಯಾಗಿ ಕೆನಡಾಕ್ಕೆ ಹೋಗೋಣವೆಂದಾಗಲೂ ಅದೇ ಮಾತು. ಮಾರ್ಜರಿ ಉಳಿದಳು. ತಾಯಿ ಹೋದ ಮೇಲೂ, ರೂಢಿಬಲದಿಂದ, ಉಳಿದಳು.

ಕಳೆದ ಚಳಿಗಾಲ ಜೋನ್‌ಳ ಕಂಪ್ಯೂಟರಿನಲ್ಲಿ ಇಬ್ಬರೂ ಸೈನ್ಯದ ದಾಖಲೆ ಹುಡುಕಿದರು. ಅಪ್ಪ ಮಡಿದವರಲ್ಲಿರಲಿಲ್ಲ, ಯುದ್ಧ ಮುಗಿದು ಬಿಡುಗಡೆಯಾದವರ ಪಟ್ಟಿಯಲ್ಲಿದ್ದ. ಸಮಾಧಿಗಳ ಫೋಟೋ ಹಾಕುವ ಇನ್ನೊಂದು ತಾಣದಲ್ಲಿ ಅವನ ಕಲ್ಲೂ ಸಿಕ್ಕಿತು. ಇದೇ ಯಾರ್ಕ್‌ಷೈರ್ ಸೀಮೆಯ ಕಡಲ ತೀರದಲ್ಲಿ, ಸ್ಕಾರ್ಬರೋದಲ್ಲಿ.

ಹೋಗಿ ನೋಡಿದರು. ಪಕ್ಕದಲ್ಲಿ ಬೇರೊಬ್ಬ ಹೆಂಡತಿಯ ಹೆಸರು. ಕೆಳಗೆ, 'ಮೂವರು ಮಕ್ಕಳ ಅಕ್ಕರೆಯ ತಂದೆ'.

ಮರಳುವಾಗ ಮಾರ್ಜರಿ ಹೇಳಿದಳು, "ಅಮ್ಮ ವಿಧವಾ ಪಿಂಚಣಿ ಕೇಳಲೇ ಇಲ್ಲ. ಬದುಕಿರೋರಿಗೆ ಯಾಕೆ ಪಿಂಚಣಿ ಅಂತಿದ್ಲು. ಪಾಪ, ಆಸೆ ಅಂದ್ಕೊಂಡಿದ್ದೆ. ಅಪ್ಪ ಬದುಕಿರೋದು ಗೊತ್ತಿತ್ತು ಕಣೆ ಅವಳಿಗೆ."

ಊರಲ್ಲಿ ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಳು. "ನಾನು ಸತ್ರೆ ಅವಳ ಜೊತೆ ಮಾತ್ರ ಹಾಕಬೇಡ. ಬೇರೆಲ್ಲಾದ್ರೂ ಸರಿ."

ಜೋನ್ ಎರಡಕ್ಕೂ ಹೂಂ ಅಂದಿದ್ದಳು. ಈಗ ಒಂದು ಮಾತು ಇನ್ನೊಂದರ ಕತ್ತು ಹಿಸುಕುತ್ತಿತ್ತು.

*

ತಾಯಿಯ ಪೆಟ್ಟಿಗೆಯ ಮೇಲೆಯೇ ಮಗಳ ಪೆಟ್ಟಿಗೆ ಇಳಿಯಿತು. ಬಾರದ ತಂದೆಗಾಗಿ ಕಾದ ಮಗಳೆಂದು ಪಾದ್ರಿ ಹೊಗಳಿದರು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಜೋನ್ ಹಿಡಿ ತುಂಬ ತೆಗೆದುಕೊಂಡಳು, ಹಾಕಲಿಲ್ಲ.

ಬಂದವರಿಗೆ ಚಹಾ ಇಟ್ಟಿದ್ದ ಕಡೆ ತಿರುಗಿಯೂ ನೋಡದೆ ಗೇಟು ದಾಟಿ, ಮೊದಲು ಬಂದ ಬಸ್ಸು ಹತ್ತಿದಳು. ಎಲ್ಲಿಗೆಂದು ಡ್ರೈವರ್ ಕೇಳಿದ.

"ಇದು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ."

ಕಿಟಕಿಯ ಪಕ್ಕ ಕೂತಳು. ಬಿಗಿಹಿಡಿದ ಮುಷ್ಟಿಯ ಸಂದಿನಿಂದ ಒದ್ದೆ ಮಣ್ಣು ಕರಿ ಕೋಟಿನ ಮೇಲೆ ಉದುರುತ್ತಿತ್ತು. ಅವಳು ಇನ್ನೊಂದು ಕೈಯನ್ನು ಕೆಳಗೆ ಒಡ್ಡಿದಳು.