ತಣ್ಣಗಾದ ಪುಟಗಳು

ವೆನಿಂಗ್ ಟೈಪ್ ಮಾಡಿದಳು. ತೆರೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಮೇಜಿನ ಕೆಳಗಿನ ಸರ್ವರ್‌ನಲ್ಲಿ ಡಿಸ್ಕ್ ಕರಕರ ಎನ್ನುತ್ತಲೇ ಇತ್ತು.

"ಏನ್ಮಾಡಿದ್ರಿ ಪಾಕ್ ಇದಕ್ಕೆ?"

ಅವಳು ಗೌರವದಿಂದ 'ಪಾಕ್' ಎನ್ನುತ್ತಿದ್ದ ಸರ್ವೊಕೊ ನೆಲದ ಕಂಪನ ಬರೆಯುವ ಡ್ರಮ್ಮಿನ ಮುಂದೆ ನಿಂತಿದ್ದರು. ಜ್ವಾಲಾಮುಖಿಯ ಈ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದವರು. "ನಾಳೆ ಸಾಹೇಬ್ರು ಬರ್ತಾರಲ್ಲ, ಬೆಟ್ಟದ ನಕ್ಷೆ ಬೇಕಂದ್ರು. ಡ್ರೋನ್ ಫೋಟೊ ಎಲ್ಲಾ ಜೋಡಿಸೋಕೆ ಹಾಕ್ದೆ."

"ಸೈರನ್ ನಡೆಸೋ ಮಿಷನ್ನಲ್ಲೇನಾ?"

"ಅದು ಸುಮ್ನೆ ಕೂತಿತ್ತಲ್ಲ ಮಗಳೇ."

ಸುಮ್ಮನೆ ಕೂತವರ ಮೇಲೆ ಕರ್ನಲ್‌ಗೆ, ಯಂತ್ರವನ್ನು ಒಳಗಿನಿಂದ ಆಳುವ ಆ ಮೂಲ ಪ್ರೋಗ್ರಾಂಗೆ, ಕರುಣೆಯಿಲ್ಲ. ಮೆಮೊರಿ ತುಂಬಿತೆಂದರೆ ಅದರ ಯಾವ ತುಣುಕುಗಳನ್ನು, ಯಾವ ಪುಟಗಳನ್ನು, ಬಹಳ ಹೊತ್ತಿನಿಂದ ಯಾರೂ ಮುಟ್ಟಿಲ್ಲವೋ ಅವನ್ನೆತ್ತಿ ನಿಧಾನದ ಡಿಸ್ಕಿಗೆ ಹಾಕಿ, ಜಾಗವನ್ನು ಹಸಿದವರಿಗೆ ಕೊಡುತ್ತದೆ. ನಕ್ಷೆ ಹಸಿದಿತ್ತು. ಸೈರನ್ ಕೂಗಿಸುವ ಪ್ರೋಗ್ರಾಂ ಎರಡು ತಿಂಗಳಿಂದ ಮಲಗಿತ್ತು. ಈ ತಿಂಗಳ ಪರೀಕ್ಷೆಯನ್ನೂ ಊರಿನ ಮದುವೆಗೆಂದು ಬಿಟ್ಟಿದ್ದರು. ಇವನ್ನು ಹೊರಗೆ ಹಾಕಬೇಡ ಎಂದು ಪುಟಗಳಿಗೆ ಬೀಗ ಹಾಕುವ ಒಂದು ಸಾಲು ಕೋಡ್ ಇದೆ. ಅದನ್ನು ಬರೆಯಬೇಕೆಂದು ಅವಳು ಮೂರು ಸಲ ಅಂದುಕೊಂಡಿದ್ದಳು.

ಡ್ರಮ್ಮಿನ ಮುಳ್ಳು ದಪ್ಪಗೆ ಗೀಚತೊಡಗಿತು. ಶಿಖರದಲ್ಲಿ ಬೆಳಗಿನಿಂದಲೂ ಮಳೆ.

"ಲಾಹಾರ್," ಎಂದರು ಸರ್ವೊಕೊ. ಬೂದಿಯ ಕೆಸರು ಬಂಡೆಗಳನ್ನು ಹೊತ್ತು ಇಳಿಯುತ್ತಿತ್ತು. "ನದಿಗೆ ಹನ್ನೆರಡು ನಿಮಿಷ. ಸೈರನ್ ತಾನಾಗೇ ಕೂಗ್ಬೇಕಿತ್ತಲ್ಲ, ಯಾಕೆ ಕೂಗ್ತಿಲ್ಲ?"

ಕಣಿವೆಯಾಚೆಯ ಸೈರನ್ ಕಂಬದಲ್ಲಿ ಕೈಯಿಂದ ಒತ್ತುವ ಗುಂಡಿಯೂ ಇತ್ತು. ಕಂಬ ಕಿಟಕಿಗೆ ಕಾಣುವಷ್ಟು ಹತ್ತಿರ, ಆದರೆ ಕಣಿವೆ ಸುತ್ತಿ ಹೋಗಲು ಮುಕ್ಕಾಲು ಗಂಟೆ.

ಅವಳು ವಾಕಿಟಾಕಿ ಎತ್ತಿಕೊಂಡಳು. "ಜಾರೊತ್! ಲಾಹಾರ್ ಬರ್ತಿದೆ, ಮೇಲೆ ಹತ್ತು!"

ನದಿಯೊಳಗೆ ಲಾರಿಗೆ ಮರಳು ತುಂಬುತ್ತಿದ್ದ ತಮ್ಮ, ಅಕ್ಕನನ್ನು 'ಮ್ಬಾಕ್' ಎನ್ನುವವನು, ನಕ್ಕ. "ಮ್ಬಾಕ್, ಇಲ್ಲಿ ಬಿಸಿಲು ಸುಡ್ತಿದೆ. ಸೈರನ್ ಕೂಗಿಲ್ವಲ್ಲ?"

"ಸೈರನ್ ಕೆಟ್ಟಿದೆ ಕಣೋ!"

"ಹೋದ್ ವರ್ಷ ನೀನೇ ಬಂದು ಭಾಷಣ ಬಿಗಿದಿದ್ದೆ. ವಾಕಿಟಾಕಿ ಗಾಳಿಮಾತು ನಂಬಬೇಡಿ, ಸೈರನ್ ಕೂಗಿದ್ರೆ ಮಾತ್ರ ಓಡಿ ಅಂತ."

ಹಿಂದೆ ಯಾರೋ ಕೂಗಿದರು: "ಇನ್ನರ್ಧ ಲೋಡು ಅಂತ ಹೇಳೋ ನಿಮ್ಮಕ್ಕಂಗೆ! ಅಷ್ಟರವರೆಗೆ ಬೆಟ್ಟಾನ ಹಿಡ್ಕೊಂಡಿರ್ಲಿ!" ನಗು.

"ನಗ್ಬೇಡ್ರೋ," ಎಂದಳು.

ನಕ್ಷೆಯ ಪ್ರೋಗ್ರಾಂ ಕೊಲ್ಲುವ ಆದೇಶವನ್ನು ಅವಳು ಕುರುಡಾಗಿ ಒತ್ತಿದಳು. ಒಂದಕ್ಷರ ತಪ್ಪಿದ್ದರೂ ಈಗ ತಿಳಿಯುವಂತಿಲ್ಲ. ತೆರೆಗೆ ಬರಬೇಕಾದ ಅಕ್ಷರವೂ ಡಿಸ್ಕಿನ ಸರತಿಯಲ್ಲೇ ನಿಂತಿತ್ತು. ಒಂದು ಪುಟ ಒಳಗೆ ಬರಲು ಇನ್ನೊಂದು ಹೊರಗೆ ಹೋಗಬೇಕು, ಹೋದದ್ದು ಮರುಕ್ಷಣವೇ ಬೇಕಾಗುತ್ತದೆ. ಕೈಗಳನ್ನು ಕೀಬೋರ್ಡಿನಿಂದ ದೂರ ಎತ್ತಿ ಹಿಡಿದಳು, ಮುಟ್ಟಿದರೆ ಏನೋ ಬಿದ್ದುಬಿಡುವಂತೆ.

"ಆರು ನಿಮಿಷ," ಎಂದರು ಸರ್ವೊಕೊ. ಆಮೇಲೆ, "ನಾಲ್ಕು." ಆಮೇಲೆ ಹೇಳುವುದನ್ನೇ ಬಿಟ್ಟರು.

ಒಂದಕ್ಷರ ಮೂಡಿತು. ಬಹಳ ಹೊತ್ತಿಗೆ ಇನ್ನೊಂದು. ಒಮ್ಮೆಲೇ ಇಡೀ ಸಾಲು ಬಂತು, ಡಿಸ್ಕಿನ ಕರಕರ ನಿಂತಿತು.

"ಮ್ಬಾಕ್, ನದಿ ನೀರು ಯಾಕೋ ಬತ್ತಿ..." ಎನ್ನುತ್ತಿದ್ದ ಜಾರೊತ್.

ಅವನ ಮಾತಿನ ಹಿಂದೆ ಸೈರನ್ ಎದ್ದಿತು. ಮೊದಲು ವಾಕಿಟಾಕಿಯಲ್ಲಿ, ಮೂರು ಸೆಕೆಂಡು ತಡವಾಗಿ ಕಿಟಕಿಯಲ್ಲಿ.

ಅವನು ವಾಕಿಟಾಕಿಯ ಗುಂಡಿ ಒತ್ತಿಹಿಡಿದೇ ಓಡುತ್ತಿದ್ದ. ಅವನು ಬಿಡದೆ ಅವಳ ಮಾತು ಅವನನ್ನು ಮುಟ್ಟುವಂತಿರಲಿಲ್ಲ. ಕಲ್ಲುಗಳ ಸದ್ದು, ಏದುಸಿರು, "ಲಾರಿ ಬಿಡ್ರೋ, ಲಾರಿ ಬಿಡ್ರೋ" ಎಂಬ ಕೂಗು. ಎಲ್ಲದರ ಕೆಳಗೆ ಒಂದು ಗುಡುಗು, ನಿಲ್ಲದ್ದು.

ಸೈರನ್ ಎರಡೆರಡು ಸಲ ಕೇಳುತ್ತಿತ್ತು, ವಾಕಿಟಾಕಿಯಲ್ಲೊಮ್ಮೆ, ಕಿಟಕಿಯಲ್ಲೊಮ್ಮೆ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಮಾತ್ರ ಕೇಳತೊಡಗಿತು.